ಪರಿಚಯವಿಲ್ಲದವರ ಜೊತೆ ವಾದ: ಕೊಡಗಿನಲ್ಲಿ ಮಾತು ಇಷ್ಟು ಬೇಗ ಯಾಕೆ ಕೆಡುತ್ತದೆ?

2024ರ ಡಿಸೆಂಬರ್ ಕೊನೆಯಲ್ಲಿ ಮಡಿಕೇರಿ ತಾಲ್ಲೂಕಿನ ಕಟ್ಟೆಮಾಡು ರಾಜ್ಯದ ಸುದ್ದಿಗೆ ಬಂತು. ಅಲ್ಲಿನ ಮೃತ್ಯುಂಜಯ ದೇವಸ್ಥಾನದ ಉತ್ಸವಕ್ಕೆ ತಮ್ಮ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟು ಬಂದ ಕೊಡವರನ್ನು ತಡೆಯಲಾಯಿತು. ಮಾತಿಗೆ ಮಾತು ಬೆಳೆದು ಊರಿನಲ್ಲಿ ನಿಷೇಧಾಜ್ಞೆ ಹಾಕಬೇಕಾಯಿತು. 2025ರ ಫೆಬ್ರವರಿ ಮೊದಲ ವಾರ ಕುಟ್ಟದಿಂದ ಮಡಿಕೇರಿವರೆಗೆ ಕೊಡವರ ದೊಡ್ಡ ಪಾದಯಾತ್ರೆಯೇ ನಡೆಯಿತು.

ಹೊರಗಿನಿಂದ ಸುದ್ದಿ ಓದಿದವರಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಹಬ್ಬಕ್ಕೆ ತಮ್ಮ ಉಡುಪು ತೊಟ್ಟುಕೊಂಡು ಹೋದರೆ ತಪ್ಪೇನು ಅಂತ ಕೆಲವರು. ದೇವಸ್ಥಾನಕ್ಕೆ ಒಂದು ನಿಯಮ ಇದ್ದ ಮೇಲೆ ಪಾಲಿಸಲು ಏನು ಕಷ್ಟ ಅಂತ ಇನ್ನು ಕೆಲವರು. ಕಟ್ಟೆಮಾಡು ಯಾವ ದಿಕ್ಕಿನಲ್ಲಿದೆ ಅಂತ ಗೊತ್ತಿಲ್ಲದವರೂ ಎರಡು ಗುಂಪಾಗಿ ವಾದಕ್ಕಿಳಿದರು. ನೋಡನೋಡುತ್ತಲೇ ಮಾತು ದೇವಸ್ಥಾನ ಬಿಟ್ಟು, ಈ ಮಣ್ಣಿನ ಮೂಲದವರು ಯಾರು, ಆಮೇಲೆ ಬಂದವರು ಯಾರು ಎಂಬಲ್ಲಿಗೆ ಹೋಯಿತು.

ಟಿಪ್ಪು ಜಯಂತಿ, ಪಶ್ಚಿಮಘಟ್ಟ ಉಳಿಸುವ ಬಗೆಗಿನ ಕಸ್ತೂರಿರಂಗನ್ ವರದಿ, ಲೈಸೆನ್ಸ್ ಇಲ್ಲದ ಕೋವಿ ಹಕ್ಕು, ಜಾತಿ ಗಣತಿ, ಅಸ್ಸಾಮಿನಿಂದ ಬರುವ ಕೂಲಿ ಕಾರ್ಮಿಕರು. ಯಾವುದನ್ನು ಎತ್ತಿದರೂ ಕೊಡಗಿನಲ್ಲಿ ಇದೇ ಕತೆ. ಗುರುತು ಪರಿಚಯ ಇಲ್ಲದ ಇಬ್ಬರು ಈ ವಿಷಯಗಳ ಬಗ್ಗೆ ಮಾತಾಡಿದರೆ ನಾಲ್ಕನೇ ವಾಕ್ಯಕ್ಕೆ ಜಗಳ. ಜನರಿಗೆ ತಾಳ್ಮೆ ಇಲ್ಲ ಅಂತ ಹೇಳಿ ಮುಗಿಸಬಹುದು, ಆದರೆ ಅದು ಸುಲಭದ ಉತ್ತರ. ಪ್ರತಿ ಜಗಳದಲ್ಲೂ ಮೂರು ಬೇರೆ ಪ್ರಶ್ನೆಗಳು ಒಂದೇ ಗಂಟಾಗಿ ಕೂತಿರುತ್ತವೆ. ಕಾಗದದಲ್ಲಿ ಏನಿದೆ? ಇದರಿಂದ ಯಾರಿಗೆ ನಷ್ಟ, ಯಾರಿಗೆ ಲಾಭ? ಯಾರ ಮರ್ಯಾದೆ ಹೋಗುತ್ತದೆ? ಒಬ್ಬರು ಮೊದಲನೆಯದಕ್ಕೆ ಉತ್ತರ ಕೊಡುತ್ತಿದ್ದರೆ ಎದುರಿನವರು ಮೂರನೆಯದಕ್ಕೆ ಕೊಡುತ್ತಿರುತ್ತಾರೆ.

ಹಿನ್ನೆಲೆ: ಸಣ್ಣ ಜಿಲ್ಲೆಯ ದೊಡ್ಡ ಭಯ

ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 5,54,519. ಬೆಂಗಳೂರಿನ ಕೆಲವು ಬಡಾವಣೆಗಳನ್ನು ಕೂಡಿಸಿದರೆ ಇದಕ್ಕಿಂತ ಜಾಸ್ತಿ ಜನ ಸಿಗುತ್ತಾರೆ. ಇಷ್ಟರೊಳಗೆ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಯರವ, ಕುರುಬ ಭಾಷೆಗಳಿವೆ. ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ಹೆಗ್ಗಡೆ, ಐರಿ, ಅಮ್ಮಕೊಡವ, ಯರವ, ಜೇನುಕುರುಬ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಯಾರೂ ನಿಶ್ಚಿಂತೆಯಿಂದ ನಾವೇ ಬಹುಸಂಖ್ಯಾತರು ಅಂದುಕೊಂಡು ಕೂರುವ ಸ್ಥಿತಿಯಲ್ಲಿಲ್ಲ.

ಇದರ ಮೇಲೆ ಇತಿಹಾಸದ ಭಾರ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನಿಂದ ರಾಜ್ಯ ಕಿತ್ತುಕೊಂಡರು. ಸ್ವಾತಂತ್ರ್ಯದ ನಂತರ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಒಂದು ಕಾಲಕ್ಕೆ ತನ್ನದೇ ವಿಧಾನಸಭೆ ಇದ್ದ ಜಾಗಕ್ಕೆ ಈಗ ಇರುವುದು ಎರಡು ವಿಧಾನಸಭಾ ಕ್ಷೇತ್ರ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಯಿತು. ಲೋಕಸಭೆಗೆ ಮೈಸೂರಿನ ಜೊತೆ ಹಂಚಿಕೊಂಡ ಒಂದು ಕ್ಷೇತ್ರ.

ಇಷ್ಟು ಕಡಿಮೆ ಪ್ರಾತಿನಿಧ್ಯ ಇರುವ ಕಡೆ ಒಂದು ಭಾವನೆ ಗಟ್ಟಿಯಾಗಿ ನಿಲ್ಲುತ್ತದೆ: ನಮ್ಮ ವಿಷಯದಲ್ಲಿ ತೀರ್ಮಾನ ಆಗೋದು ಬೇರೆ ಕಡೆ, ನಮ್ಮನ್ನು ಕೇಳಿ ಅಲ್ಲ. ಗೊತ್ತಿಲ್ಲದವರೊಬ್ಬರು ಕೊಡಗಿನ ಬಗ್ಗೆ ಅಭಿಪ್ರಾಯ ಹೇಳಿದರೆ ಅದು ಒಬ್ಬ ಮನುಷ್ಯನ ಅಭಿಪ್ರಾಯ ಅಂತ ಕೇಳಿಸುವುದಿಲ್ಲ. ಆ ಬೇರೆ ಕಡೆಯ ದನಿಯಾಗಿ ಕೇಳಿಸುತ್ತದೆ.

"ನಿಮ್ಮದು ಯಾವ ಮನೆ?"

ಕೊಡಗಿನಲ್ಲಿ ಮುಖಾಮುಖಿ ಸಿಕ್ಕವರು ಪೂರ್ತಿ ಅಪರಿಚಿತರಾಗಿ ಉಳಿಯುವುದು ಕಷ್ಟ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲೋ ಗೋಣಿಕೊಪ್ಪಕ್ಕೆ ಹೋಗುವ ಬಸ್ಸಿನಲ್ಲೋ ಮಾತು ಶುರುವಾದರೆ ಮೊದಲು ಬರುವ ಪ್ರಶ್ನೆ ಯಾವ ಊರು, ಯಾವ ಮನೆ. ಮನೆಹೆಸರು ಹೇಳಿದ ತಕ್ಷಣ ಅವರ ಅತ್ತೆ ಕಡೆಯವರೋ, ಪಟ್ಟಾಳದಲ್ಲಿದ್ದ ಚಿಕ್ಕಪ್ಪನೋ, ಹಾಕಿ ಪಂದ್ಯದಲ್ಲಿ ಎದುರು ಆಡಿದವರೋ ಯಾರೋ ಒಬ್ಬರು ಸಿಗುತ್ತಾರೆ. ಆಮೇಲೆ ಬಾಯಿಗೆ ಬಂದಂತೆ ಮಾತಾಡಲು ಆಗುವುದಿಲ್ಲ. ನಾಳೆ ಮದುವೆ ಮನೆಯಲ್ಲಿ ಇದೇ ಮುಖ ನೋಡಬೇಕಲ್ವಾ?

ಇದಕ್ಕೆ ಇನ್ನೊಂದು ಮುಖವೂ ಇದೆ. ಮನೆಹೆಸರು ಗೊತ್ತಾದರೆ ಜಾತಿಯೂ ಗೊತ್ತಾಗುತ್ತದೆ. ಆಮೇಲೆ ಅವರು ಏನು ಹೇಳಿದರೂ "ಅವರ ಕಡೆಯವರು ಹೀಗೇ" ಅಂತ ಕೇಳುವ ಅಭ್ಯಾಸ ಇದೆ. ಮಾತಿನ ಬಿಸಿ ಇಳಿಸುವ ಪ್ರಶ್ನೆಯೇ ಕಿವಿಯನ್ನೂ ಮುಚ್ಚಿಸುತ್ತದೆ.

ಫೋನಿನಲ್ಲಿ ಆಗುವುದು ಇದರ ಕೆಟ್ಟ ಅರ್ಧ ಮಾತ್ರ. ಅಲ್ಲಿ ಹೆಸರು ನೋಡಿ ಯಾವ ಕಡೆಯವರು ಅಂತ ಊಹಿಸಬಹುದು, ಆದರೆ ನಂಟು ಸಿಗುವುದಿಲ್ಲ. 2024ರ ನವೆಂಬರ್‌ನಲ್ಲಿ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಬಗ್ಗೆ ಕೀಳಾದ ಮಾತು ಬಂತು. ಅದು ಪ್ರತಿಭಟನೆ, ಬಂಧನ, ಡಿಸೆಂಬರ್‌ನಲ್ಲಿ ಬಂದ್‌ವರೆಗೆ ಹೋಯಿತು. ಕಟ್ಟೆಮಾಡಿನ ಗಲಾಟೆ ಆದದ್ದು ಅದೇ ತಿಂಗಳ ಕೊನೆಯಲ್ಲಿ. ಗಾಯ ಮಾಗುವ ಮುಂಚೆಯೇ ಎರಡನೇ ಪೆಟ್ಟು ಬಿದ್ದಿತ್ತು.

ಕಟ್ಟೆಮಾಡಿನಲ್ಲಿ ಯಾವುದು ಯಾವ ಪ್ರಶ್ನೆ?

ದೇವಸ್ಥಾನ ಸಮಿತಿ ಕಡೆಯವರ ವಾದ ಬೈಲಾದ ಮೇಲೆ ನಿಂತಿತ್ತು. ಎಲ್ಲ ಜಾತಿಯವರೂ ಬರುವ ದೇವಸ್ಥಾನ, ಒಂದು ಸಮುದಾಯದ ಉಡುಪು ಅಂತ ಬೇರೆ ಕಾಣಬಾರದು, ಎಲ್ಲರೂ ಒಂದೇ ರೀತಿ ಬರಲಿ ಎಂಬುದು ಅದರ ಸಾರ. ಇದು ಕಾಗದದ ಪ್ರಶ್ನೆ. ಬೈಲಾದಲ್ಲಿ ನಿಜಕ್ಕೂ ಏನು ಬರೆದಿದೆ, ಅದನ್ನು ಯಾವ ಸಭೆ ಒಪ್ಪಿತು, ಹಾಗೆ ಬರೆಯುವ ಅಧಿಕಾರ ಸಮಿತಿಗೆ ಇದೆಯಾ? ಇವಕ್ಕೆ ದಾಖಲೆ ತರಿಸಿ ಉತ್ತರ ಹುಡುಕಬಹುದು.

ಕೊಡವರ ವಾದ ಇದಕ್ಕೆ ಉತ್ತರವೇ ಅಲ್ಲ. ಕಪ್ಪು ಕುಪ್ಯ, ಕೆಂಪು ರೇಷ್ಮೆಯ ಚೇಲೆ, ಸೊಂಟದಲ್ಲಿ ಪೀಚೆಕತ್ತಿ. ಮದುವೆಗೂ ಹಬ್ಬಕ್ಕೂ ದೇವರ ಕಾರ್ಯಕ್ಕೂ ತೊಡುವ ಬಟ್ಟೆ ಇದು. ಇದನ್ನು ಬಾಗಿಲಲ್ಲಿ ತಡೆದರೆ ಬಟ್ಟೆ ತಡೆದ ಹಾಗಲ್ಲ, ನಮ್ಮನ್ನೇ ತಡೆದ ಹಾಗೆ ಎಂಬುದು ಅವರ ಮಾತು. ಇದು ಮರ್ಯಾದೆಯ ಪ್ರಶ್ನೆ. ಬೈಲಾದ ಜೆರಾಕ್ಸ್ ತಂದು ಮುಂದಿಟ್ಟರೆ ಈ ನೋವು ಕಡಿಮೆಯಾಗುವುದಿಲ್ಲ. ನಿಮ್ಮನ್ನು ಅವಮಾನ ಮಾಡಿದರು ಅಂತ ಸಮಾಧಾನ ಹೇಳಿದರೆ ಬೈಲಾ ತಪ್ಪು ಅಂತಲೂ ಆಗುವುದಿಲ್ಲ.

ಊರಿನ ಒಳಗಿನವರಿಗೆ ಇಲ್ಲೊಂದು ಅನುಕೂಲ ಇರುತ್ತದೆ. ಅವರು ಶಾಂತಿ ಸಭೆಯಲ್ಲಿ ಒಂದೇ ಮೇಜಿನ ಸುತ್ತ ಕೂರಲೇಬೇಕು. ಒಂದೇ ದಾರಿಯಲ್ಲಿ ಕಾಫಿ ಮೂಟೆ ಸಾಗಿಸಬೇಕು. ದೂರದಲ್ಲಿ ಕೂತು ವಾದ ಮಾಡುವವರಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಮಾತಿನ ಬೆಲೆ ತೆರುವವರು ಕಟ್ಟೆಮಾಡಿನವರು, ಆಡುವವರು ಬೇರೆಯವರು. ಅಷ್ಟಕ್ಕೂ 1837ರಲ್ಲಿ ಬ್ರಿಟಿಷರು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ ಅರೆಭಾಷೆ ಗೌಡ ಸಮುದಾಯದ ಗುಡ್ಡೆಮನೆ ಅಪ್ಪಯ್ಯಗೌಡರ ಪ್ರತಿಮೆ, ಕೊಡವರಾದ ಜನರಲ್ ತಿಮ್ಮಯ್ಯ ಅವರ ಪ್ರತಿಮೆ ಎರಡೂ ಇರುವುದು ಅದೇ ಮಡಿಕೇರಿಯಲ್ಲಿ. ದೂರದ ವಾದಗಳಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ.

ಹೋಂಸ್ಟೇ ಜಗಲಿಯಲ್ಲಿ ಕಸ್ತೂರಿರಂಗನ್

ಪ್ರಶ್ನೆಗಳು ಹೇಗೆ ಜಾರುತ್ತವೆ ಅಂತ ಹತ್ತಿರದಿಂದ ನೋಡಲು ಈ ವಿಷಯ ಒಳ್ಳೆಯದು. ಬೆಂಗಳೂರಿನ ಅತಿಥಿಗೂ ತೋಟದ ಮಾಲೀಕರಿಗೂ ಕೊಡಗಿನಲ್ಲಿ ಎಷ್ಟೋ ಕಡೆ ನಡೆಯುವ ಮಾತು ಸುಮಾರಾಗಿ ಹೀಗಿರುತ್ತದೆ:

"ಪಶ್ಚಿಮಘಟ್ಟ ಉಳೀಬೇಕಲ್ವಾ ಸಾರ್? ಕಸ್ತೂರಿರಂಗನ್ ವರದಿಗೆ ನೀವ್ಯಾಕೆ ವಿರೋಧ?"

"ಅದು ಬಂದ್ರೆ ನಮ್ಮನ್ನ ಇಲ್ಲಿಂದ ಎಬ್ಬಿಸ್ತಾರೆ."

"ಎಬ್ಬಿಸ್ತೀವಿ ಅಂತ ಎಲ್ಲಿ ಬರೆದಿದೆ?"

"ಕಾಡು ಉಳಿಸಿದ್ದು ಯಾರು ಸಾರ್? ದೇವರಕಾಡು ಕಾಪಾಡಿದ್ದು ಯಾರು? ಬೆಂಗಳೂರಲ್ಲಿ ಕೆರೆ ಮುಚ್ಚಿ ಮನೆ ಕಟ್ಟಿದೋರು ನಮಗೆ ಪಾಠ ಹೇಳ್ತೀರಾ?"

"ಹಾಗಾದ್ರೆ ಗುಡ್ಡ ಕಡಿದು ಈ ರೆಸಾರ್ಟ್ ಎಲ್ಲ ಕಟ್ಟಿದ್ದು ಯಾರು?"

ಐದು ಮಾತು, ಅಷ್ಟೇ. ಮೊದಲ ಮೂರು ಕಾಗದದ ಸುತ್ತ ಇದ್ದವು. ನಾಲ್ಕನೆಯದರಿಂದ ಮಾತು ಮರ್ಯಾದೆಗೆ ಹೋಯಿತು. ಮಧ್ಯದಲ್ಲಿ ಬರಬೇಕಿದ್ದ ಪ್ರಶ್ನೆ, ಅಂದರೆ ನಿಮಗೆ ನಿಜವಾಗಿ ಯಾವುದರ ಭಯ ಎಂಬುದು, ಬರಲೇ ಇಲ್ಲ.

ಕಾಗದದಲ್ಲಿರುವುದು ಇಷ್ಟು. ಈ ವರದಿಯ ಆಧಾರದ ಮೇಲೆ ಕೇಂದ್ರ ಸರ್ಕಾರ ಹೊರಡಿಸಿದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ 2024ರ ಜುಲೈ 31ರಂದು ಬಂತು. ಅದರ ಹಿಂದಿನ ದಿನ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಿತ್ತು. ಆರು ರಾಜ್ಯಗಳ 56,000ಕ್ಕೂ ಹೆಚ್ಚು ಚದರ ಕಿಲೋಮೀಟರ್ ಇದರಲ್ಲಿದೆ, ಅದರಲ್ಲಿ ಕರ್ನಾಟಕದ್ದೇ 20,668. ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಹೊಸ ಕೈಗಾರಿಕೆಗಳಿಗೆ ಅದು ತಡೆ ಹಾಕುತ್ತದೆ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡಕ್ಕೂ ತಡೆ ಇದೆ. 20,000 ಚದರ ಮೀಟರ್ ಅಂದರೆ 2 ಲಕ್ಷ ಚದರಡಿ ದಾಟುತ್ತದೆ. ಕೊಡಗಿನ ಯಾವ ಐನ್‌ಮನೆಯೂ (ಕುಟುಂಬದ ಮೂಲ ಮನೆ), ಯಾವ ಸಾಮಾನ್ಯ ಹೋಂಸ್ಟೇಯೂ ಅದರ ಹತ್ತಿರ ಬರುವುದಿಲ್ಲ. ಜನರನ್ನು ಎಬ್ಬಿಸುವ ಮಾತು ಕರಡಿನಲ್ಲಿಲ್ಲ. ತೋಟ ನಿಲ್ಲಿಸಿ ಅಂತಲೂ ಇಲ್ಲ.

ಹಾಗಾದರೆ ಬೆಳೆಗಾರರು ಸುಳ್ಳು ಹೇಳುತ್ತಿದ್ದಾರಾ? ಅಷ್ಟು ಸರಳ ಅಲ್ಲ. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಇಟ್ಟುಕೊಂಡು ಊರುಗಳನ್ನು ಗುರುತಿಸಿತು. ಊರಿನ ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮ ಅಂತ ಕಂಡರೆ ಇಡೀ ಊರು ಪಟ್ಟಿಗೆ ಬಂತು. ನೆರಳಿನ ಮರಗಳ ಕೆಳಗಿನ ಕಾಫಿ ತೋಟ ಮೇಲಿನಿಂದ ಕಾಡಿನ ಹಾಗೆ ಕಾಣುತ್ತದೆ, ಮರ ಉಳಿಸಿಕೊಂಡಿದ್ದೇ ನಮ್ಮ ತಪ್ಪಾಯಿತು ಎಂಬುದು ಅವರ ದೂರು. ಇದರ ಜೊತೆ ಹಳೆಯ ಅನುಭವ ಸೇರುತ್ತದೆ. ಜಮ್ಮಾ ಬಾಣೆಯ (ವಂಶಪಾರಂಪರ್ಯ ಹಿಡುವಳಿಗೆ ಸೇರಿದ ಮರಗಳಿರುವ ಜಾಗ) ಮರ, ಅರಣ್ಯವೋ ಕಂದಾಯವೋ ಎಂಬ ವಿವಾದದ ಸಿ ಮತ್ತು ಡಿ ದರ್ಜೆ ಜಮೀನು, ಕಚೇರಿಗಳ ನಡುವೆ ತಿರುಗುವ ಕಡತ. ಇವತ್ತಿನ ಕಾಗದದಲ್ಲಿ ಇಲ್ಲದ್ದು ನಾಳೆ ಸುತ್ತೋಲೆಯಲ್ಲಿ ಬರುತ್ತದೆ ಅಂತ ಅವರು ನಂಬಿದ್ದಾರೆ. "ಎಬ್ಬಿಸ್ತಾರೆ" ಎಂಬ ಮಾತು ಕಾಗದದ ಮಟ್ಟಿಗೆ ತಪ್ಪು. ಆದರೆ ಅದರ ಒಳಗಿರುವುದು ಇಲಾಖೆಯ ಮೇಲಿನ ಅಪನಂಬಿಕೆ, ಅದಕ್ಕೆ ಕಾರಣಗಳಿವೆ.

ಅತಿಥಿಯ ಕಡೆಯೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಜಾರಿದವು. 2019ರಲ್ಲಿ ಮತ್ತೆ ಕುಸಿತ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಬದಿಯೇ ಕುಸಿಯಿತು. ಜೋರು ಮಳೆ ಒಂದು ಕಾರಣ. ರಸ್ತೆಗೆ, ಕಟ್ಟಡಕ್ಕೆ ಇಳಿಜಾರನ್ನು ನೇರವಾಗಿ ಕಡಿದದ್ದು ಇನ್ನೊಂದು. ಇದನ್ನು ತಡೆಯುವ ನಿಯಮ ಬೇಕು ಎಂಬ ವಾದಕ್ಕೆ ಬೆಳೆಗಾರರಲ್ಲೂ ಬೆಂಬಲ ಇದೆ. ಆದರೆ ಅಪರಿಚಿತರ ಮುಂದೆ ಅದನ್ನು ಒಪ್ಪಿಕೊಂಡರೆ ಸೋತ ಹಾಗೆ ಅಂತ ಅನ್ನಿಸುವುದರಿಂದ ಬಾಯಿ ಬಿಡುವುದಿಲ್ಲ. ಮನೆಯೊಳಗೆ ನಾಲ್ಕು ಜನ ಬಂಧುಗಳ ನಡುವೆ ಇದೇ ಮಾತನ್ನು ಸಲೀಸಾಗಿ ಆಡುತ್ತಾರೆ.

ಕೋವಿ ಮತ್ತು ಟಿಪ್ಪು

ಕೋವಿಯ ವಿಷಯ ಬೇಗ ಮುಗಿಯುತ್ತದೆ, ಯಾಕೆಂದರೆ ಕಾಗದ ಸ್ಪಷ್ಟವಾಗಿದೆ. "ಕೊಡವರಿಗೆ ಮಾತ್ರ ಲೈಸೆನ್ಸ್ ಇಲ್ಲದೆ ಕೋವಿ ಯಾಕೆ?" ಅಂತ ಹೊರಗಿನವರು ಕೇಳುತ್ತಾರೆ. ಪ್ರಶ್ನೆಯೇ ಅರ್ಧ ತಪ್ಪು. ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಜಮ್ಮಾ ಹಿಡುವಳಿದಾರರಲ್ಲಿ ಬೇರೆ ಸಮುದಾಯದವರೂ ಇದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಇದು ಗೊತ್ತಾದ ಮೇಲೂ ವಿನಾಯಿತಿ ಬೇಡ ಅನ್ನಬಹುದು. ಆದರೆ ಆಗ ವಾದ ಬೇರೆ ಜಾಗದಿಂದ ಶುರುವಾಗಬೇಕು.

ಟಿಪ್ಪು ವಿಷಯ ಇದರ ತದ್ವಿರುದ್ಧ. ಅಲ್ಲಿ ಕಾಗದವೇ ಜಗಳದ ಭಾಗ. 1780ರ ದಶಕದಲ್ಲಿ ಟಿಪ್ಪುವಿನ ಸೈನ್ಯ ಕೊಡಗಿನ ಮೇಲೆ ಬಿದ್ದದ್ದು, ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಮತಾಂತರ ಮಾಡಿಸಿದ್ದು ಇತಿಹಾಸದಲ್ಲಿದೆ. ಎಷ್ಟು ಜನ ಎಂಬಲ್ಲಿ ಒಮ್ಮತವಿಲ್ಲ. ಭಾಗಮಂಡಲದ ಹತ್ತಿರದ ದೇವಟ್ಟಿಪರಂಬು ಕೊಡವರಿಗೆ ಹತ್ಯೆಯ ನೆನಪಿನ ಜಾಗ. ಹೊರಗಿನ ಬಹಳ ಜನರಿಗೆ ಟಿಪ್ಪು ಅಂದರೆ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತ ಸುಲ್ತಾನ. ಎರಡೂ ಒಂದೇ ಮನುಷ್ಯನ ಬಗ್ಗೆ ನಿಜವಾಗಿರಬಹುದು. ಆದರೆ 2015ರಲ್ಲಿ ಸರ್ಕಾರ ಜಯಂತಿ ಶುರುಮಾಡಿದಾಗ ಪ್ರಶ್ನೆ ಇತಿಹಾಸದ್ದಾಗಿ ಉಳಿಯಲಿಲ್ಲ. ಆಚರಿಸಬೇಕಾ ಬೇಡವಾ, ಅಷ್ಟೇ ಉಳಿಯಿತು. ಆ ವರ್ಷ ನವೆಂಬರ್ 10ರಂದು ಮಡಿಕೇರಿಯಲ್ಲಿ ಹಿಂಸೆ ನಡೆದು ಸಾವಾಯಿತು. 2019ರಲ್ಲಿ ಸರ್ಕಾರ ಬದಲಾಗಿ ಜಯಂತಿ ರದ್ದಾಯಿತು. ವಾದ ಮಾತ್ರ ರದ್ದಾಗಲಿಲ್ಲ. ಪ್ರತಿ ನವೆಂಬರ್‌ನಲ್ಲಿ ಅದು ಹೊಸ ಅಪರಿಚಿತರನ್ನು ಹುಡುಕಿಕೊಂಡು ಬರುತ್ತದೆ.

ವಾದ ಮಾಡಬೇಕಾ, ಬೇಡವಾ?

ಇಲ್ಲಿ ಮೂರು ನಿಲುವು ಕೇಳಿಸುತ್ತವೆ. ಹಿರಿಯರಲ್ಲಿ ಜಾಸ್ತಿ ಜನ ಸುಮ್ಮನಿರಿ ಅನ್ನುತ್ತಾರೆ. ಗೊತ್ತಿಲ್ಲದವರ ಜೊತೆ ಬಾಯಿ ಯಾಕೆ, ಸಣ್ಣ ಊರು, ಕೆಟ್ಟ ಹೆಸರು ಬೇಗ ಹಬ್ಬುತ್ತದೆ. ಕಿರಿಯರದು ಇದಕ್ಕೆ ವಿರುದ್ಧ: ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ, ಸುಳ್ಳೇ ನಿಜವಾಗುತ್ತದೆ, ಉತ್ತರ ಎದುರಿನವನಿಗಲ್ಲ, ಪಕ್ಕದಲ್ಲಿ ಕೇಳುತ್ತಿರುವವರಿಗೆ. ಮೂರನೆಯವರು ಪೊಲೀಸರಿಗೆ ಬಿಡಿ ಅನ್ನುತ್ತಾರೆ.

ಸಂಶೋಧನೆ ಎರಡನೆಯವರಿಗೆ ಅರ್ಧ ಬೆಂಬಲ ಕೊಡುತ್ತದೆ. ಅಮೆರಿಕದ 2016ರ ಚುನಾವಣೆ ಸಮಯದ ಪ್ರಯೋಗಗಳಲ್ಲಿ, ತಪ್ಪು ಅಂಕಿಅಂಶವನ್ನು ಸರಿಪಡಿಸಿದಾಗ ಜನ ಸರಿಯಾದ್ದನ್ನು ಒಪ್ಪಿಕೊಂಡರು. ಆದರೆ ತಮ್ಮ ನಾಯಕನ ಮೇಲಿನ ಅಭಿಪ್ರಾಯ ಬದಲಿಸಲಿಲ್ಲ. 2 ಲಕ್ಷ ಚದರಡಿ ಲೆಕ್ಕ ಕೇಳಿದ ತೋಟದ ಮಾಲೀಕರು "ಹೌದಾ?" ಅನ್ನಬಹುದು, ಆದರೂ ವಿರೋಧ ಬಿಡದಿರಬಹುದು. ವಿರೋಧ ಆ ಲೆಕ್ಕದ ಮೇಲೆ ನಿಂತಿರಲಿಲ್ಲವಲ್ಲ.

ನಿಲುವು ಬದಲಾದ ಒಂದು ಉದಾಹರಣೆಯೂ ಇದೆ. ಮಯಾಮಿಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಅಪರಿಚಿತರ ಜೊತೆ ಸುಮಾರು 10 ನಿಮಿಷ ಮಾತಾಡಿದರು. ಅವರು ವಾದ ಮಂಡಿಸಲಿಲ್ಲ. ನಿಮ್ಮನ್ನು ಯಾರಾದರೂ ಬೇರೆಯಾಗಿ ನೋಡಿದ್ದು ಯಾವಾಗ ಅಂತ ಕೇಳಿ, ಉತ್ತರ ಕೇಳಿಸಿಕೊಂಡರು. ಪೂರ್ವಗ್ರಹ ಕಡಿಮೆಯಾಗಿ ಕನಿಷ್ಠ 3 ತಿಂಗಳು ಹಾಗೇ ಉಳಿಯಿತು. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಗಮನಿಸಬೇಕಾದ್ದು: ಅದು ಬಾಗಿಲಲ್ಲಿ, ಮುಖ ನೋಡಿ, ಒಬ್ಬರಿಗೊಬ್ಬರು ಆಡಿದ ಮಾತು. ಇನ್ನೂರು ಜನ ನೋಡುತ್ತಿರುವ ಗುಂಪಿನಲ್ಲಿ ಯಾರೂ ಅಷ್ಟು ಮೆತ್ತಗಾಗುವುದಿಲ್ಲ. ಎರಡನೇ ನಿಲುವಿನವರು ಇದನ್ನು ಮರೆಯುತ್ತಾರೆ. ಕೇಳುವವರಿಗಾಗಿ ಆಡಿದ ಮಾತು ಎದುರಿನವರನ್ನು ಗೋಡೆಗೆ ಒತ್ತುತ್ತದೆ.

ಪೊಲೀಸರಿಗೆ ಬಿಟ್ಟರೆ?

ಕೆಲವು ಮಾತು ಅಪರಾಧವೇ. ಸಮುದಾಯಗಳ ನಡುವೆ ದ್ವೇಷ ಬಿತ್ತಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196ರಡಿ 3 ವರ್ಷದವರೆಗೆ ಜೈಲು, ಪೂಜಾಸ್ಥಳದಲ್ಲಾದರೆ 5 ವರ್ಷದವರೆಗೆ. ಆದರೆ ಬೇಸರ ತರುವ ಮಾತೆಲ್ಲ ಅಪರಾಧವಲ್ಲ. ಹಾಗೆ ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ತೆಗೆದುಹಾಕಿತು. ಗುಂಪಿನಲ್ಲಿ ಬೇರೆಯವರು ಹಾಕಿದ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ದೂರು ಕೊಟ್ಟರೆ ಒಬ್ಬರ ಬಾಯಿ ಮುಚ್ಚುತ್ತದೆ, ಆದರೆ ಪ್ರಕರಣ ಇನ್ನೊಂದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಅವರ ಮೇಲೆ ಕೇಸ್ ಹಾಕಿದರು, ಇವರ ಮೇಲೆ ಯಾಕಿಲ್ಲ? ಬಂಧನಕ್ಕೆ ಎಷ್ಟು ದಿನ, ಜಾಮೀನಿಗೆ ಎಷ್ಟು ದಿನ? ಎರಡೂ ಕಡೆಯವರು ಲೆಕ್ಕ ಇಡಲು ಶುರುಮಾಡುತ್ತಾರೆ.

ಮುಂದೆ ಏನಾಗಬಹುದು?

ಜಗಳದ ನಷ್ಟ ಅಂದರೆ ಗಲಾಟೆ, ಬಂದ್ ಅಂತ ಅಂದುಕೊಳ್ಳುತ್ತೇವೆ. ಕಣ್ಣಿಗೆ ಬೀಳದ ನಷ್ಟ ಬೇರೆ ಇದೆ. ಆರನೇ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದು 60 ದಿನ. ಒಂದು ಊರಿನ ಯಾವ ಸರ್ವೆ ನಂಬರಿನಲ್ಲಿ ಕಾಡಿದೆ, ಯಾವುದರಲ್ಲಿ ತೋಟವಿದೆ ಅಂತ ಬರೆದು ಕಳಿಸಿದ ಕಾಗದಕ್ಕೆ ಬೆಲೆ ಇತ್ತು. ಕಾಡು ಉಳಿಸಿದ್ದು ನಾವು ಎಂಬ ಮಾತಿಗೆ ಅಲ್ಲಿ ಕಾಲಂ ಇಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನೇ ತಿರಸ್ಕರಿಸಿತು. ತೀರ್ಮಾನ ಮತ್ತೆ ಬೇರೆ ಕಡೆಯೇ ಆಯಿತು, ಈ ಸಲ ಕೊಡಗಿನ ಬೆಳೆಗಾರರಿಗೆ ಇಷ್ಟವಾಗುವ ಹಾಗೆ. ಇಳಿಜಾರು ಕಡಿಯುವುದಕ್ಕೆ ಏನು ನಿಯಮ ಎಂಬ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಮುಂದಿನ ಪರೀಕ್ಷೆ ಜನಗಣತಿ. ಅದರ ಆಧಾರ ದಿನಾಂಕ 2027ರ ಮಾರ್ಚ್ 1, ಈ ಸಲ ಜಾತಿಯನ್ನೂ ಕೇಳುತ್ತಾರೆ. ಕೊಡವರಿಗೆ ಪ್ರತ್ಯೇಕ ಕಾಲಂ ಬೇಕೆಂಬ ಬೇಡಿಕೆ ಹಳೆಯದು. ಅದರ ಹಿಂದೆ ಒಂದು ಅಂಕಿ ಇದೆ. ಕೊಡವ ತಕ್ಕ್ ಮಾತೃಭಾಷೆ ಅಂತ ಬರೆಸಿದವರು 2001ರಲ್ಲಿ ಸುಮಾರು 1.66 ಲಕ್ಷ, 2011ರಲ್ಲಿ ಸುಮಾರು 1.14 ಲಕ್ಷ. ಹತ್ತು ವರ್ಷದಲ್ಲಿ ಇಷ್ಟು ಕುಸಿತ ಜನ ಕಡಿಮೆಯಾದ್ದರಿಂದಲೋ, ಬರೆಸಿದ ರೀತಿಯಿಂದಲೋ ಎಂಬುದು ಕಾಗದದ ಪ್ರಶ್ನೆ. ಕಾಲಂ ಸಿಕ್ಕರೆ ಸೌಲಭ್ಯ ಯಾರಿಗೆ, ಯಾರ ಪಾಲು ಕಡಿಮೆ ಎಂಬುದು ಲಾಭ ನಷ್ಟದ್ದು. ನಾವು ಹಿಂದೂಗಳ ಒಳಗೋ ಹೊರಗೋ, ಯಾರು ನಿಜವಾದ ಕೊಡವರು ಎಂಬುದು ಮರ್ಯಾದೆಯದು. ಕೊಡವ ಭಾಷಿಕರಲ್ಲೇ ಬೇರೆ ಬೇರೆ ಸಮುದಾಯಗಳಿವೆ, ಅವರಿಗೂ ಹೇಳಲು ಮಾತಿದೆ.

ಈ ಮೂರನೇ ಪ್ರಶ್ನೆಯ ಬಗ್ಗೆ ಈಗಾಗಲೇ ಜೋರಾದ ವಾದ ನಡೆದಿದೆ. ಮೊದಲನೆಯದರ ಬಗ್ಗೆ ಕೆಲಸ ಕಡಿಮೆ. ಪಟ್ಟಣದಲ್ಲಿರುವ ಮಕ್ಕಳ ಮನೆಯಲ್ಲಿ ಮಾತೃಭಾಷೆಯ ಜಾಗದಲ್ಲಿ ಏನು ಹೇಳಬೇಕು ಅಂತ ಯಾರಾದರೂ ಕೂತು ಮಾತಾಡಿದ್ದಾರಾ? ಗಣತಿದಾರರು ಬಾಗಿಲಿಗೆ ಬಂದಾಗ ಮನೆಯಲ್ಲಿ ಇದ್ದವರು ಏನು ಹೇಳುತ್ತಾರೋ ಅದನ್ನೇ ದಾಖಲಿಸುತ್ತಾರೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆ ಹೊತ್ತಿಗೆ ಬಾಗಿಲು ತೆಗೆಯುವುದು ಕೊಡವ ತಕ್ಕ್ ಅರ್ಥವಾದರೂ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವ ಮೊಮ್ಮಗಳಾಗಿರಬಹುದು.